ಹತ್ತೊಂಬತ್ತು ಕರೆಗಳು

ಜನವರಿ ೬

ಮಗಳೇ,

ನಿನ್ನ ಹೊಸ ವರ್ಷದ ಮೆಸೇಜು ತಲುಪಿತು. ಎರಡು ಹೂವು, ಒಂದು ಕೇಕು. ನೋಡಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಮೆಸೇಜಿನಲ್ಲಿ ನೀನು ‘ಹೂಂ’, ‘ಸರಿ’ ಎಂದು ಬರೆದು ಜಾರಿಕೊಳ್ಳುತ್ತೀಯ. ಕಾಗದದಲ್ಲಿ ಹಾಗೆ ಜಾರಿಕೊಳ್ಳಲು ಬರುವುದಿಲ್ಲ, ಹಾಳೆ ಖಾಲಿ ಕಾಣುತ್ತದೆ. ಅದಕ್ಕೇ ನಾನು ಕಾಗದ ಬರೆಯುವುದು, ನೀನೂ ಕಾಗದದಲ್ಲೇ ಉತ್ತರ ಕೊಡಬೇಕು ಎಂದು ಹಟ ಹಿಡಿಯುವುದು.

ಒಂದು ಸುದ್ದಿ ಇದೆ. ನಮ್ಮ ಕಟ್ಟಡಕ್ಕೆ ಫೈಬರ್ ಇಂಟರ್‌ನೆಟ್ ಬಂದಿದೆ. ಮೊನ್ನೆ ಶನಿವಾರ ಕಂಪನಿಯ ಸೇಲ್ಸ್‌ನವನು ಬಂದು ಬೆಲ್ ಒತ್ತಿದ. ಬೆಲ್ಲಿಗೆ ಜೋಡಿಸಿದ ಹಾಲ್‌ನ ಬಲ್ಬು ಮೂರು ಸಲ ಮಿಣುಕಿತು, ಹೋಗಿ ಬಾಗಿಲು ತೆಗೆದೆ. ಅವನ ಬಾಯಿ ಆಡಲು ಶುರುವಾದದ್ದು ನಿಲ್ಲಲೇ ಇಲ್ಲ. ನಾನು ಕಿವಿ ಮುಟ್ಟಿಕೊಂಡು ಕೈ ಅಲ್ಲಾಡಿಸಿದೆ. ಎಲ್ಲರೂ ಮಾಡುವ ಹಾಗೆ ಅವನೂ ಬಾಯಿಯನ್ನು ಇನ್ನಷ್ಟು ಅಗಲ ಮಾಡಿದ. ಕೊನೆಗೆ ನೋಟ್‌ಬುಕ್ಕು, ಪೆನ್ನು ಕೈಗೆ ಕೊಟ್ಟೆ. ಇಂಟರ್‌ನೆಟ್ಟು, ಡಿಜಿಟಲ್ ಟಿವಿ ಎರಡೂ ಒಂದೇ ತಂತಿಯಲ್ಲಿ ಬರುತ್ತವೆ, ಮೂರೇ ದಿನದ ಕೆಲಸ ಎಂದು ಬರೆದ. ವಿಡಿಯೊ ಕಾಲ್ ನಡುವೆ ನಿಲ್ಲದೆ ಬರುತ್ತದೆಯೇ ಎಂದು ಕೇಳಿದೆ. ‘ನೀರಿನ ಹಾಗೆ ಬರುತ್ತೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ನಮ್ಮ ಮನೆಯ ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ ಎಂದು ಅವನಿಗೇನು ಗೊತ್ತು. ಆದರೂ ಸಹಿ ಹಾಕಿದೆ.

ನೀನು ಮದುವೆಯಾಗಿ ಹೋದ ಹೊಸದರಲ್ಲಿ ನಾವು ಎರಡು ಸಲ ವಿಡಿಯೊದಲ್ಲಿ ಮಾತಾಡಲು ನೋಡಿದ್ದು ನೆನಪಿದೆಯೇ? ಹಳೆಯ ಫೋನಿನ ತಂತಿಯಲ್ಲಿ ಬರುತ್ತಿದ್ದ ಆ ನೆಟ್ಟಿನಲ್ಲಿ ನಿನ್ನ ಕೈ ಅರ್ಧ ಎದ್ದು ಅಲ್ಲೇ ನಿಂತುಬಿಡುತ್ತಿತ್ತು. ಬಾಯಲ್ಲಿ ಮಾತಾಡುವವರಿಗೆ ಚಿತ್ರ ನಿಂತರೂ ದನಿಯಾದರೂ ಬರುತ್ತದೆ. ಕೈಮಾತಿನವರಿಗೆ ಕೈ ನಿಂತರೆ ಮಾತೇ ನಿಂತಿತು. ಅಂದಿನಿಂದ ನಿನ್ನ ಕೈ ನಾನು ನೋಡಿಲ್ಲ.

ಬಟಾಣಿಗೆ ಈಗ ಹತ್ತು ತಿಂಗಳು. ಹೆರಿಗೆಗೆ ನೀನು ಕರೆಯಲಿಲ್ಲ, ಬರಲಾ ಎಂದು ನಾನೂ ಕೇಳಲಿಲ್ಲ. ಅವಳ ಫೋಟೊ ನನ್ನ ಹತ್ತಿರ ಇಪ್ಪತ್ತಾರಿವೆ, ಒಂದರಲ್ಲೂ ಅವಳು ಅಲುಗಾಡುವುದಿಲ್ಲ. ವಿಡಿಯೊ ಕಳಿಸು ಎಂದರೆ ಮತ್ತೆ ಫೋಟೊ ಕಳಿಸುತ್ತೀಯ. ಮೊಮ್ಮಗಳು ತೆವಳುವುದನ್ನು, ಬೀಳುವುದನ್ನು ನಾನು ನೋಡಬೇಕು. ಅದಕ್ಕೇ ಈ ತಂತಿ.

ಒಂದು ಮಾತು. ಕಂಪನಿಗೆ ನೀನು ಫೋನ್ ಮಾಡಬೇಡ. ಮದುವೆಯ ಹಿಂದಿನ ವಾರ ಅಡುಗೆಮನೆಯಲ್ಲಿ ನಿಂತು ‘ನಾನು ನಿನ್ನ ಮಗಳು, ನಿನ್ನ ಫೋನ್ ಅಲ್ಲ’ ಎಂದೆಯಲ್ಲ, ಅದನ್ನು ನಾನು ಮರೆತಿಲ್ಲ. ಅವತ್ತು ನಿನ್ನಪ್ಪನ ವಿಷಯವಾಗಿ ಹೇಳಿದ ಇನ್ನೊಂದು ಮಾತನ್ನೂ ಮರೆತಿಲ್ಲ, ಅದು ಇಲ್ಲಿ ಬೇಡ. ಈ ಕೆಲಸ ನಾನೇ ಮಾಡಿಸಿಕೊಳ್ಳುತ್ತೇನೆ.

ನಿನ್ನ
ಅಮ್ಮ


ಜನವರಿ ೨೧

ಅಮ್ಮಾ,

ಕಾಗದ ಬಂದು ಒಂದು ವಾರವಾಯಿತು. ಔಷಧಿ ಅಂಗಡಿಯಲ್ಲಿ ಈಗ ಕೆಮ್ಮಿನ ಕಾಲ, ಕೌಂಟರ್ ಬಿಟ್ಟು ಕದಲಲು ಆಗುತ್ತಿಲ್ಲ. ನಿನ್ನ ಅಳಿಯ ಎರಡು ವಾರದಿಂದ ಊರಲ್ಲಿಲ್ಲ. ಯಾವುದೋ ಕೋಲ್ಡ್ ಸ್ಟೋರೇಜಿನ ಮೆಷಿನ್ ಕೆಟ್ಟಿದೆ ಎಂದು ಹೋದವರು ಅಲ್ಲೇ ಇದ್ದಾರೆ.

ಬಟಾಣಿಗೆ ನಾಲ್ಕು ಹಲ್ಲು ಬಂದಿವೆ. ಕುರ್ಚಿ ಹಿಡಿದು ನಿಲ್ಲುತ್ತಾಳೆ. ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುವುದನ್ನು ನೋಡುತ್ತಾ ಗಂಟೆಗಟ್ಟಲೆ ಕೂರುತ್ತಾಳೆ. ನಾನು ಕೆಲಸದಿಂದ ಬಂದು ಬಾಗಿಲು ತೆಗೆದರೂ ತಿರುಗಿ ನೋಡುವುದಿಲ್ಲ, ಆಟದಲ್ಲಿ ಅಷ್ಟು ಮುಳುಗಿರುತ್ತಾಳೆ. ಇದರ ಜೊತೆ ಒಂದು ಫೋಟೊ ಇಟ್ಟಿದ್ದೇನೆ.

ಫೈಬರ್ ಈಗಲೇ ಯಾಕಮ್ಮಾ? ನಮ್ಮ ಮನೆಯ ನೆಟ್ಟೂ ಅಷ್ಟಕ್ಕಷ್ಟೇ. ಕಾಗದ ಚೆನ್ನಾಗಿಯೇ ಇದೆಯಲ್ಲ. ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ. ಬೇಕೇ ಬೇಕು ಎಂದರೆ ಕಂಪನಿಗೆ ನಾನೇ ಒಂದು ಮಾತು ಹೇಳುತ್ತೇನೆ, ನಿನಗೆ ಓಡಾಟ ತಪ್ಪುತ್ತದೆ.

ಆರೋಗ್ಯ ನೋಡಿಕೋ.

ಮಗಳು


ಫೆಬ್ರವರಿ ೪

ಗ್ರಾಹಕ ಸೇವಾ ವಿಭಾಗದವರಿಗೆ,

ನಾನು ಪ್ರೆಸ್ಸಿನ ಹಿಂದಿನ ಬೀದಿಯ ಕಟ್ಟಡದಲ್ಲಿ ಮೂರನೇ ಮಹಡಿಯವಳು. ಅದೇ ಪ್ರೆಸ್ಸಿನಲ್ಲಿ ಬೈಂಡಿಂಗ್ ಮತ್ತು ಕಟಿಂಗ್ ಮೆಷಿನ್ ನನ್ನ ಕೆಲಸ.

ಜನವರಿ ಹನ್ನೊಂದಕ್ಕೆ ನಿಮ್ಮ ಲೈನ್‌ಮನ್ ಬಂದು ತಂತಿ ಎಳೆದರು. ಗೋಡೆಗೆ ತೂತು ಕೊರೆದು, ಉದುರಿದ ಪುಡಿಯನ್ನು ತಾವೇ ಗುಡಿಸಿ ಹೋದರು. ಒಳ್ಳೆಯದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ. ಈಗ ಗೋಡೆಯ ಮೇಲೆ ಇಂಟರ್‌ನೆಟ್ಟಿನ ಬಿಳಿ ಡಬ್ಬಿ ಇದೆ, ಟಿವಿಯ ಕೆಳಗೆ ಚಾನೆಲ್‌ಗಳ ಕಪ್ಪು ಡಬ್ಬಿ ಇದೆ, ಎರಡರಲ್ಲೂ ಕೆಂಪು ದೀಪ ಇದೆ. ಅದು ಹಸಿರಾಗಬೇಕಾದರೆ ನಿಮ್ಮ ಕಚೇರಿಯಿಂದ ನನಗೊಂದು ಕರೆ ಬರಬೇಕಂತೆ. ನಾನು ಹೆಸರು, ವಿಳಾಸ ಬಾಯಿಬಿಟ್ಟು ಹೇಳಿದ ಮೇಲೆ ಲೈನ್ ಚಾಲೂ ಆಗುತ್ತದಂತೆ. ಇದನ್ನು ಲೈನ್‌ಮನ್ ನನಗೆ ಬರೆದು ತೋರಿಸಿದರು.

ಕರೆ ಬಂತು. ಮೇಜಿನ ಮೇಲೆ ಮೊಬೈಲು ನಡುಗಿದ್ದರಿಂದ ಗೊತ್ತಾಯಿತು. ನನಗೆ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ದಯವಿಟ್ಟು ಬರೆಯಿರಿ ಎಂದು ಆ ನಂಬರಿಗೆ ಮೆಸೇಜು ಹಾಕಿದೆ. ಆ ನಂಬರಿಗೆ ಮೆಸೇಜು ಹೋಗುವುದಿಲ್ಲ. ನಿಮ್ಮ ಕೌಂಟರಿಗೆ ಬಂದು ದೂರು ಬರೆದುಕೊಟ್ಟೆ. ಮೂರು ಸಲ ಕೊಟ್ಟೆ. ಮೂರು ಸಲವೂ ಮುಚ್ಚಿದ್ದೀರಿ, ಮೂರಕ್ಕೂ ಒಂದೇ ಕಾರಣ: ‘ಗ್ರಾಹಕರನ್ನು ಫೋನಿನಲ್ಲಿ ಸಂಪರ್ಕಿಸಲಾಯಿತು, ಗ್ರಾಹಕರು ಮಾತನಾಡಲಿಲ್ಲ.’

ಐವತ್ತು ವರ್ಷದಿಂದ ನಾನು ಯಾರೊಂದಿಗೂ ಮಾತನಾಡಿಲ್ಲ. ನಿಮ್ಮ ಮೇಲೆ ಮುನಿಸಿಕೊಂಡು ಅಲ್ಲ.

ನಾನು ಮಾತಾಡುವುದು ಕೈಯಿಂದ. ನನ್ನ ಮಗಳು ದೂರದ ಊರಲ್ಲಿದ್ದಾಳೆ. ಮೊಮ್ಮಗಳನ್ನು ನಾನಿನ್ನೂ ನೋಡಿಲ್ಲ. ಅವರಿಬ್ಬರನ್ನು ನೋಡಲು ನನಗಿರುವ ದಾರಿ ಆ ಕೆಂಪು ದೀಪದ ಹಿಂದೆ ನಿಂತಿದೆ. ನನ್ನ ಗುರುತಿನ ಚೀಟಿಯ ಪ್ರತಿ, ವೈದ್ಯರ ಪ್ರಮಾಣಪತ್ರ ಎರಡನ್ನೂ ಲಗತ್ತಿಸಿದ್ದೇನೆ. ಕರೆ ಮಾಡದೆ ನನ್ನ ಲೈನ್ ಚಾಲೂ ಮಾಡಿಕೊಡಬೇಕೆಂದು ಕೋರುತ್ತೇನೆ.

ಇಂತಿ,
ಮೂರನೇ ಮಹಡಿಯ ಗ್ರಾಹಕಿ


ಫೆಬ್ರವರಿ ೧೬

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.

ತಮ್ಮ ಖಾತೆಯನ್ನು ಪರಿಶೀಲಿಸಲಾಗಿ, ತಾವು ಹದಿನೇಳು ವರ್ಷಗಳಿಂದ ನಮ್ಮ ದೂರವಾಣಿ ಹಾಗೂ ಟಿವಿ ಸೇವೆಯ ಗ್ರಾಹಕರಾಗಿದ್ದು, ಈ ಅವಧಿಯಲ್ಲಿ ಒಟ್ಟು ಹತ್ತೊಂಬತ್ತು ಬಾರಿ ನಮ್ಮ ಸಹಾಯವಾಣಿಗೆ ಕರೆ ಮಾಡಿ ಖುದ್ದಾಗಿ ಮಾತನಾಡಿರುವುದು ಕಂಡುಬಂದಿದೆ. ಪ್ರತಿ ಬಾರಿಯೂ ‘ಖಾತೆದಾರರೇ ಮಾತನಾಡಿದರು’ ಎಂದು ದಾಖಲಾಗಿದೆ. ಪಟ್ಟಿ ಲಗತ್ತಿಸಿದೆ.

ಹೀಗಿರುವಾಗ ತಮಗೆ ಮಾತು ಬರುವುದಿಲ್ಲ ಎಂಬ ಹೇಳಿಕೆ ನಮ್ಮ ದಾಖಲೆಗೆ ತಾಳೆಯಾಗುತ್ತಿಲ್ಲ. ತಮ್ಮ ಹೆಸರಿನಲ್ಲಿ ಬೇರೆ ಯಾರೋ ಪತ್ರ ಬರೆಯುತ್ತಿರುವ ಸಾಧ್ಯತೆ ಇರುವುದರಿಂದ, ತಮ್ಮದೇ ಸುರಕ್ಷತೆಗಾಗಿ ಹೊಸ ಸಂಪರ್ಕವನ್ನು ತಡೆಹಿಡಿಯಲಾಗಿದೆ. ತಾವು ದಯವಿಟ್ಟು ಒಮ್ಮೆ ಕರೆ ಮಾಡಿ ಮಾತನಾಡಿದಲ್ಲಿ ತಕ್ಷಣ ತೆರವುಗೊಳಿಸಲಾಗುವುದು.

ವಿಳಂಬದ ಪರಿಹಾರವಾಗಿ, ಸಂಪರ್ಕ ಚಾಲೂ ಆದ ದಿನದಿಂದ ಮೂರು ತಿಂಗಳು ನಲವತ್ತೆರಡು ಸಂಗೀತ ಚಾನೆಲ್‌ಗಳನ್ನು ಉಚಿತವಾಗಿ ನೀಡಲು ಹರ್ಷಿಸುತ್ತೇವೆ.

ತಮ್ಮ ವಿಶ್ವಾಸಿ,
ಗ್ರಾಹಕ ಸೇವಾ ಅಧಿಕಾರಿ


ಫೆಬ್ರವರಿ ೨೦

ಮಗಳೇ,

ಕಂಪನಿಯವರ ಕಾಗದದ ಪ್ರತಿಯನ್ನು ಇದರೊಳಗೆ ಇಟ್ಟಿದ್ದೇನೆ, ಮೊದಲು ಅದನ್ನು ಓದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಕೋಣ ಒಂದೇ, ಕಿನ್ನರಿ ನಲವತ್ತೆರಡು. ಪ್ರೆಸ್ಸಿನಲ್ಲಿ ಎಲ್ಲರಿಗೂ ತೋರಿಸಿದೆ. ಮೆಷಿನ್ ನಿಲ್ಲಿಸಿ ನಕ್ಕರು.

ನಾನು ಹತ್ತೊಂಬತ್ತು ಸಲ ಮಾತಾಡಿದ್ದೇನಂತೆ. ಮೊದಲನೆಯದು ನೋಡು: ‘ಗ್ರಾಹಕರ ದೂರು: ಫೋನಿನಲ್ಲಿ ಗೊರಗೊರ ಶಬ್ದ ಬರುತ್ತಿದೆ.’ ಆಗ ನಿನಗೆ ಒಂಬತ್ತು ವರ್ಷ. ನಿನ್ನಪ್ಪ ಲಾರಿಯಲ್ಲಿ ಊರೂರು ತಿರುಗುತ್ತಿದ್ದರು, ಮನೆಯಲ್ಲಿ ಕಿವಿ, ಬಾಯಿ ಎರಡೂ ಇದ್ದವಳು ನೀನೊಬ್ಬಳೇ. ಖಾತೆದಾರರೇ ಮಾತಾಡಬೇಕು ಎಂದು ಅವರು ಹೇಳಿದಾಗ, ನೀನು ಸ್ಟೂಲಿನ ಮೇಲೆ ನಿಂತು, ಗದ್ದ ಎದೆಗೆ ಒತ್ತಿ ದನಿ ದಪ್ಪ ಮಾಡಿಕೊಂಡು, ನಾನೇ ಖಾತೆದಾರಳು ಎಂದೆ. ಹೇಗೆ ಹೇಳಿದೆ ಎಂದು ಆಮೇಲೆ ನನಗೆ ಅಭಿನಯ ಮಾಡಿ ತೋರಿಸಿದೆ. ನಾನು ನಕ್ಕು ನಿನ್ನ ಬೆನ್ನು ತಟ್ಟಿದೆ. ಬ್ಯಾಂಕು, ಶಾಲೆ, ಆಸ್ಪತ್ರೆ, ಎಲ್ಲ ಕಡೆಯೂ ಅದನ್ನೇ ಮಾಡಿಸಿದೆ. ಮಗುವಿನ ಕೈಯಲ್ಲಿ ಮಾಡಿಸುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ.

ನಗುತ್ತಲೇ ಪಟ್ಟಿಯ ಕೆಳಗೆ ಬಂದೆ. ಏಳನೆಯ ಕರೆ ನೋಡಿ ನಗು ನಿಂತಿತು. ‘ಕ್ರೀಡಾ ಚಾನೆಲ್‌ಗಳ ಪ್ಯಾಕ್ ರದ್ದು. ಕಾರಣ: ನೋಡುವವರು ಇಲ್ಲ.’

ತಾರೀಖು ನೋಡಿದೆ. ನಿನ್ನಪ್ಪ ಹೋದ ನಾಲ್ಕನೆಯ ದಿನ.

ಆ ಚಾನೆಲ್ ತಾನಾಗಿ ನಿಂತಿತು ಎಂದುಕೊಂಡಿದ್ದೆ. ಆ ವಾರ ಟಿವಿ ಹಾಕಿದಾಗೆಲ್ಲ ಆಟದ ಮೈದಾನ ಬರುತ್ತಿತ್ತು, ಅದನ್ನು ಕಂಡ ಕೂಡಲೇ ನಾನು ಎದ್ದು ಒಳಗೆ ಹೋಗುತ್ತಿದ್ದೆ. ನೀನು ಅದನ್ನು ಗಮನಿಸಿದ್ದೆ. ಹನ್ನೆರಡು ವರ್ಷದ ನೀನು ಅಪ್ಪನನ್ನು ಕಳೆದುಕೊಂಡ ನಾಲ್ಕನೇ ದಿನ, ನನ್ನ ದನಿ ಮಾಡಿಕೊಂಡು, ಯಾರೋ ಅಪರಿಚಿತರಿಗೆ ‘ನೋಡುವವರು ಇಲ್ಲ’ ಎಂದು ಹೇಳಿದೆ. ಹೇಳಿದ ಮೇಲೆ ಏನು ಮಾಡಿದೆ? ನನಗಂತೂ ಹೇಳಲಿಲ್ಲ. ನಾನು ಅದೇ ಮನೆಯಲ್ಲಿದ್ದೆ.

ಈಗ ಆ ಇನ್ನೊಂದು ಮಾತಿಗೆ ಬರುತ್ತೇನೆ, ಬಾರದೆ ವಿಧಿಯಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ‘ಇನ್ನು ಎರಡು ವಾರ ಅಷ್ಟೇ’ ಎಂದದ್ದನ್ನು ನೀನು ನನಗೆ ‘ಎರಡು ವಾರದಲ್ಲಿ ಮನೆಗೆ ಬರುತ್ತಾರೆ’ ಎಂದು ತಿರುಗಿಸಿದೆ. ನಾನು ಮನೆಗೆ ಓಡಿ ಬಂದು ಪರದೆ ಒಗೆದೆ, ಮಂಚ ಕಿಟಕಿಯ ಪಕ್ಕಕ್ಕೆ ಎಳೆದೆ. ಒಂಬತ್ತನೇ ದಿನಕ್ಕೆ ಅವರು ಹೋದರು, ನಾನು ಪಕ್ಕದಲ್ಲಿರಲಿಲ್ಲ. ಇದನ್ನು ನೀನು ಮದುವೆಯ ಹಿಂದಿನ ವಾರ ಹೇಳಿದಾಗ, ಮೂರು ವರ್ಷಕ್ಕಾಗುವಷ್ಟು ಕೋಪ ನನಗೆ ಒಂದೇ ಸಲ ಬಂತು. ನಿನ್ನ ಮೇಲೆ ಬಂತು. ಬರಬೇಕಾದದ್ದು ಆ ಮಾತನ್ನು ಮಗುವಿನ ಬಾಯಿಗೆ ಕೊಟ್ಟ ಡಾಕ್ಟರ ಮೇಲೆ, ಮಗುವನ್ನು ಅಲ್ಲಿ ನಿಲ್ಲಿಸಿದ ನನ್ನ ಮೇಲೆ. ತಪ್ಪಾಯಿತು ಮಗಳೇ. ಇದನ್ನು ಕೈಯಿಂದ ಹೇಳಬೇಕೆಂದಿದ್ದೆ, ದೀಪ ಇನ್ನೂ ಕೆಂಪಗಿದೆ.

ಕಂಪನಿಗೆ ಏನು ಬರೆಯಲಿ ಎಂದು ತೋಚುತ್ತಿಲ್ಲ. ಮಾತಾಡಿದವಳು ಮಗಳು ಎಂದು ಬರೆದರೆ ನಿನ್ನನ್ನು ಹಿಡಿದುಕೊಟ್ಟ ಹಾಗಾಗುತ್ತದೆ. ನನಗೆ ಇನ್ನೊಂದು ಅನುಮಾನವೂ ಇದೆ. ನೀನು ಈ ತಂತಿ ಬೇಡ ಎನ್ನುತ್ತಿರುವುದು ನೆಟ್ಟಿನ ಕಾರಣಕ್ಕಲ್ಲ. ನಾನು ಕೈ ಆಡಿಸುವುದನ್ನು ನಿನ್ನ ಮನೆಯವರು ನೋಡಬಾರದು ಎಂದಿದ್ದರೆ ಹಾಗೆಂದು ಬರೆ. ನನಗೆ ನೋವಾಗುತ್ತದೆ, ಆದರೆ ಗೊತ್ತಾಗುತ್ತದೆ.

ಅಮ್ಮ


ಮಾರ್ಚ್ ೩

ಗ್ರಾಹಕ ಸೇವಾ ಅಧಿಕಾರಿಗಳಿಗೆ,

ತಾವು ನನ್ನ ತಾಯಿಗೆ ಕಳಿಸಿದ ಪಟ್ಟಿಯಲ್ಲಿರುವ ಹತ್ತೊಂಬತ್ತೂ ಕರೆಗಳಲ್ಲಿ ಮಾತಾಡಿದವಳು ನಾನು. ಮೊದಲ ಕರೆಯ ದಿನ ನನಗೆ ಒಂಬತ್ತು ವರ್ಷ. ‘ಮೇಡಂ, ನಿಮ್ಮ ದನಿ ಚಿಕ್ಕ ಹುಡುಗಿಯ ಹಾಗಿದೆ’ ಎಂದು ತಮ್ಮವರೊಬ್ಬರು ಅಂದಾಗ ನೆಗಡಿಯಾಗಿದೆ ಎಂದಿದ್ದೆ. ಅವರು ಬೆಚ್ಚಗಿರಿ ಎಂದು ಹೇಳಿ ದೂರು ಬರೆದುಕೊಂಡರು.

ಮೋಸ ಎಂದರೆ ಮೋಸವೇ. ಆದರೆ ಖಾತೆದಾರರೇ ಮಾತಾಡಬೇಕು ಎಂಬ ನಿಯಮ ಮಾಡಿದವರು, ಮಾತು ಬಾರದ ಖಾತೆದಾರರು ಏನು ಮಾಡಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಹುಡುಕಿ ನೋಡಿ, ಈಗಲೂ ಬರೆದಿಲ್ಲ. ತಾವು ತಡೆಹಿಡಿದಿರುವ ಪತ್ರ ಬರೆದವರೇ ನಿಜವಾದ ಖಾತೆದಾರರು. ಹದಿನೇಳು ವರ್ಷದಲ್ಲಿ ಅವರು ತಮಗೆ ಹೇಳಿದ ಮೊದಲ ಮಾತು ಅದು. ದಯವಿಟ್ಟು ಅದನ್ನು ಕೇಳಿಸಿಕೊಳ್ಳಿ.

ನನ್ನ ಜನನ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಕ್ರಮ ಕೈಗೊಳ್ಳುವುದಿದ್ದರೆ ನನ್ನ ಮೇಲೆ ಕೈಗೊಳ್ಳಿ, ಅವರ ಲೈನ್ ಕೊಡಿ.

ಗ್ರಾಹಕಿಯ ಮಗಳು


ಮಾರ್ಚ್ ೩

ಅಮ್ಮಾ,

ನಾನು ಕಂಪನಿಗೆ ಫೋನ್ ಮಾಡಿಲ್ಲ, ಕಾಗದ ಬರೆದಿದ್ದೇನೆ. ಪ್ರತಿ ಇದರಲ್ಲಿದೆ. ನಿನ್ನ ಲೈನ್ ಇನ್ನು ಬರುತ್ತದೆ ಅನಿಸುತ್ತದೆ. ಬರುವ ಮುಂಚೆ ಒಂದು ವಿಷಯ ಹೇಳಬೇಕು, ಪರದೆಯ ಮೇಲೆ ನೀನೇ ಕಂಡುಹಿಡಿಯುವುದು ಬೇಡ.

ಆ ದಿನ ಚಾನೆಲ್ ರದ್ದು ಮಾಡಿಸಿ ಫೋನ್ ಇಟ್ಟ ಮೇಲೆ, ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ. ನಿನಗೆ ಕೇಳುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಅಷ್ಟು ಜೋರಾಗಿ. ಆಮೇಲೆ ಮುಖ ತೊಳೆದುಕೊಂಡು ಬಂದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ನಿನ್ನ ಕೈಮಾತಿನ ಬಗ್ಗೆ ನನಗೆ ನಾಚಿಕೆ ಎಂಬಂತೆ ಬರೆದಿದ್ದೀಯ. ಹಾಗಲ್ಲಮ್ಮ. ಬಟಾಣಿಗೆ ಕಿವಿ ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ ನಾಲ್ಕು ತಿಂಗಳಾಯಿತು. ಮೂರು ಸಲ ಮಾಡಿದರು, ಮೂರು ಸಲವೂ ಅದೇ. ಎರಡೂ ಕಿವಿ. ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದರು. ನನ್ನ ಅಮ್ಮನಿಗೆ ಮೂರನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು ಎಂದೆ. ಜ್ವರದಿಂದ ಹೋಗಿದ್ದರೆ ಮೊಮ್ಮಗಳಿಗೆ ಬರುವುದಿಲ್ಲ, ಇದು ವಂಶದಲ್ಲಿ ಇಳಿದು ಬಂದದ್ದಿರಬೇಕು ಎಂದು ಡಾಕ್ಟರು ಹೇಳಿದರು. ಕಿವಿಯೊಳಗೆ ಮೆಷಿನ್ ಇಡುವ ಆಪರೇಷನ್ ಇದೆ, ಆಗಬಹುದು, ಆಗದೆಯೂ ಇರಬಹುದು, ನೋಡೋಣ ಎಂದಿದ್ದಾರೆ. ಡಾಕ್ಟರು ಹೇಳಿದ್ದು ಇಷ್ಟೇ. ನಾನು ಏನನ್ನೂ ಬಿಟ್ಟಿಲ್ಲ, ಏನನ್ನೂ ತಿರುಗಿಸಿಲ್ಲ.

ನಿನಗೆ ಹೇಳಿದರೆ ನನ್ನಿಂದಲೇ ಬಂತು ಎಂದು ಕೊರಗುತ್ತೀಯ, ಅದಕ್ಕೆ ಮುಚ್ಚಿಟ್ಟೆ. ಇದು ಅರ್ಧ ಸತ್ಯ. ಉಳಿದರ್ಧ ಹೇಳಲು ಕಷ್ಟ. ನಾನು ಸುಸ್ತಾಗಿ ಆ ಮನೆ ಬಿಟ್ಟು ಬಂದಿದ್ದೆ ಅಮ್ಮಾ. ಇನ್ನು ಯಾರಿಗೂ ಕಿವಿಯಾಗುವುದಿಲ್ಲ, ಬಾಯಾಗುವುದಿಲ್ಲ ಎಂದುಕೊಂಡು ಬಂದಿದ್ದೆ. ರಿಪೋರ್ಟು ಕೈಗೆ ಬಂದಾಗ ನನಗೆ ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಮತ್ತೆ ಇದೇನಾ ಎಂಬ ಸಿಟ್ಟು. ಎಂಟು ತಿಂಗಳ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೆ ಯೋಚಿಸಿದವಳು ನಿನ್ನ ಮುಂದೆ ಮುಖ ತೋರಿಸುವುದು ಹೇಗೆ?

ನಾನಿನ್ನೂ ಅವಳ ಮುಂದೆ ಕೈ ಎತ್ತಿ ಒಂದು ಮಾತೂ ಹೇಳಿಲ್ಲ. ಎತ್ತಿದರೆ ಎಲ್ಲ ನಿಜವಾಗಿಬಿಡುತ್ತದೆ ಅನಿಸುತ್ತದೆ.

ಮಗಳು


ಮಾರ್ಚ್ ೧೮

ಮಾನ್ಯರೇ,

ತಮ್ಮ ಹಾಗೂ ತಮ್ಮ ಮಗಳ ಪತ್ರಗಳನ್ನು ಪರಿಶೀಲಿಸಿ, ತಮ್ಮ ಫೈಬರ್ ಹಾಗೂ ಡಿಜಿಟಲ್ ಟಿವಿ ಸಂಪರ್ಕದ ಮೇಲಿನ ತಡೆಯನ್ನು ತೆರವುಗೊಳಿಸಲಾಗಿದೆ. ಲೈನ್‌ಮನ್ ಇಪ್ಪತ್ತನಾಲ್ಕನೇ ತಾರೀಖು ಭೇಟಿ ನೀಡಲಿದ್ದಾರೆ.

ಗ್ರಾಹಕ ಸೇವಾ ಅಧಿಕಾರಿ

(ಕೆಳಗೆ ಅದೇ ಅಧಿಕಾರಿ ಪೆನ್ನಿನಲ್ಲಿ ಬರೆದದ್ದು)

ಅಮ್ಮಾ, ಮೇಲಿನದು ಕಂಪನಿಯ ಕಾಗದ, ಇದು ನನ್ನದು. ನಮ್ಮ ಕಂಪ್ಯೂಟರಿನಲ್ಲಿ ‘ಕರೆ ಸ್ವೀಕರಿಸಿದರು’, ‘ಸ್ವೀಕರಿಸಲಿಲ್ಲ’ ಎಂದು ಎರಡೇ ಜಾಗ ಇವೆ, ಮೂರನೆಯದಿಲ್ಲ. ಅದಕ್ಕೇ ತಮ್ಮ ವಿಳಾಸದ ಸಾಲಿನಲ್ಲೇ ‘ಮೂರನೇ ಮಹಡಿ, ಕರೆ ಮಾಡಬೇಡಿ, ಬರೆಯಿರಿ’ ಎಂದು ಸೇರಿಸಿದ್ದೇನೆ. ವಿಳಾಸವನ್ನು ಯಾರೂ ಅಳಿಸುವುದಿಲ್ಲ. ಸಂಗೀತ ಚಾನೆಲ್ ಕೊಟ್ಟದ್ದೂ ನಾನೇ. ಪತ್ರವನ್ನು ಪೂರ್ತಿ ಓದದೆ ಕೊಟ್ಟೆ, ಕ್ಷಮಿಸಿ.


ಏಪ್ರಿಲ್ ೨

ಮಗಳೇ,

ನಿನ್ನ ಕಾಗದ ಬಂದು ಮೂರು ವಾರ ದಾಟಿತು. ಅಂಚೆಯವರನ್ನು ಬೈಯಬೇಡ, ತಡ ಮಾಡಿದವಳು ನಾನು.

ಓದಿದ ದಿನ, ಅದರ ಮಾರನೇ ದಿನ ಪ್ರೆಸ್ಸಿಗೆ ಹೋಗಲಿಲ್ಲ. ಅತ್ತೆ. ನೀನು ಹೆದರಿದ ಹಾಗೇ ನನ್ನಿಂದಲೇ ಬಂತು ಎಂದೇ ಅತ್ತೆ, ಸುಳ್ಳು ಯಾಕೆ ಹೇಳಲಿ. ನನ್ನ ಅಮ್ಮ ಸಾಯುವ ತನಕ ಜ್ವರ, ಜ್ವರ ಎಂದೇ ಹೇಳಿದಳು. ಜ್ವರ ಬಂದದ್ದು ನಿಜವಿರಬಹುದು. ಆದರೆ ಅದಕ್ಕೂ ಮುಂಚೆ ನನಗೆ ಏನೇನು ಕೇಳಿಸುತ್ತಿತ್ತು ಎಂದು ಬರೆದು ಕೇಳಿದರೆ ಅವಳು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವಳೂ ಮುಚ್ಚಿಟ್ಟಳು, ನೀನೂ ಮುಚ್ಚಿಟ್ಟೆ, ಇಬ್ಬರೂ ನನ್ನ ಮೇಲಿನ ಪ್ರೀತಿಗೇ ಮುಚ್ಚಿಟ್ಟಿರಿ. ನಮ್ಮ ವಂಶದಲ್ಲಿ ಇಳಿದು ಬರುತ್ತಿರುವುದು ಕಿವುಡೊಂದೇ ಅಲ್ಲ.

‘ಬಾಗಿಲು ತೆಗೆದರೂ ತಿರುಗಿ ನೋಡುವುದಿಲ್ಲ’ ಎಂದು ಜನವರಿಯಲ್ಲಿ ಬರೆದಿದ್ದೆಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದ್ದೆ. ಛೇ, ಇರಲಾರದು ಎಂದು ಮಡಿಸಿಟ್ಟಿದ್ದೆ. ನಾನೂ ನಿನಗಿಂತ ಧೈರ್ಯಸ್ಥೆಯೇನಲ್ಲ.

ನಿನಗೆ ಸಿಟ್ಟು ಬಂದದ್ದು ತಪ್ಪಲ್ಲ. ಒಂಬತ್ತು ವರ್ಷಕ್ಕೆ ಹೊರೆ ಹೊತ್ತವಳು ಇಪ್ಪತ್ತಾರಕ್ಕೆ ಮತ್ತೆ ಹೊರೆ ಕಂಡರೆ ಸಿಟ್ಟಾಗದೆ ಇನ್ನೇನು. ಅದಕ್ಕೆ ಕಾರಣ ಬಟಾಣಿಯಲ್ಲ, ನಾನು ಅಂದು ಹೊರಿಸಿದ್ದು. ಅವಳಿಗೆ ನೀನು ಕಿವಿಯೂ ಆಗಬೇಕಿಲ್ಲ, ಬಾಯಿಯೂ ಆಗಬೇಕಿಲ್ಲ. ತಾಯಿಯಾದರೆ ಸಾಕು, ಅದಾಗಲೇ ಆಗಿದ್ದೀಯ.

ಮೆಷಿನ್ ಇಡಿಸುವುದಾದರೆ ಇಡಿಸು, ನನ್ನ ಅಡ್ಡಿಯಿಲ್ಲ. ಆದರೆ ಅಲ್ಲಿಯ ತನಕ, ಅದಾದ ಮೇಲೂ, ಮಗುವಿನ ಮುಂದೆ ಕೈ ಕಟ್ಟಿಕೊಂಡು ಕೂರಬೇಡ. ನನಗೆ ಏಳು ವರ್ಷವಾಗುವ ತನಕ ಯಾರೂ ಒಂದು ಮಾತು ಹೇಳಿರಲಿಲ್ಲ ಗೊತ್ತೇ? ಬಾ ಎಂದರೆ ರಟ್ಟೆ ಹಿಡಿದು ಎಳೆಯುವುದು, ಬೇಡ ಎಂದರೆ ಕೈಗೆ ಒಂದು ಏಟು. ಊರಿಗೆಲ್ಲ ಹೆಸರಿದೆ, ನನಗೂ ಒಂದಿದೆ ಎಂದು ಗೊತ್ತಾದದ್ದೇ ಕಿವುಡರ ಶಾಲೆಗೆ ಹೋದ ಮೇಲೆ. ಬಟಾಣಿಗೆ ಹಾಗಲ್ಲ. ಆ ಆಸ್ಪತ್ರೆಗೆ ಬರುವ ತಾಯಂದಿರೆಲ್ಲ ಈ ಭಾಷೆಯನ್ನು ಅ ಆ ಇ ಈ ಯಿಂದ ಕಲಿಯಬೇಕು. ನೀನು ತೊಟ್ಟಿಲಲ್ಲೇ ಕಲಿತವಳು. ಬಾಯಿಂದ ‘ಅಮ್ಮ’ ಎನ್ನುವ ಮೊದಲೇ ಕೈಯಿಂದ ‘ಹಾಲು’ ಎಂದವಳು ನೀನು. ಅಲ್ಲಿಂದಲೇ ಶುರು ಮಾಡು.

ಲೈನ್ ಬಂತು. ಲೈನ್‌ಮನ್ ಹೇಳಿದ ದಿನವೇ ಬಂದು ಡಬ್ಬಿಯ ಹಿಂದೆ ಏನೋ ಒತ್ತಿದರು, ದೀಪ ಹಸಿರಾಯಿತು. ‘ಆಯ್ತು’ ಎನ್ನುವುದನ್ನು ಕೈಯಲ್ಲಿ ಹೇಗೆ ಹೇಳುವುದು ಎಂದು ಬರೆದು ಕೇಳಿದರು. ತೋರಿಸಿಕೊಟ್ಟೆ. ಮೆಟ್ಟಿಲಿಳಿಯುವಾಗ ಎರಡು ಸಲ ಅಭ್ಯಾಸ ಮಾಡಿಕೊಂಡು ಹೋದರು. ಸಂಜೆ ಕಂಪನಿಯಿಂದ ಕರೆ ಬಂತು, ಮೊಬೈಲು ನಡುಗಿತು. ಸೇವೆ ಹೇಗಿತ್ತು ಎಂದು ಕೇಳುವುದಕ್ಕಂತೆ, ಪಕ್ಕದ ಮನೆಯಾಕೆ ಕೇಳಿಸಿಕೊಂಡು ಬರೆದು ತೋರಿಸಿದಳು. ವಿಳಾಸವನ್ನು ಯಾರೂ ಅಳಿಸುವುದಿಲ್ಲ ನಿಜ, ಓದುವುದೂ ಇಲ್ಲ. ಸಂಗೀತ ಚಾನೆಲ್‌ಗಳನ್ನು ಬಿಡದೆ ನೋಡುತ್ತಿದ್ದೇನೆ. ವಾದ್ಯ ನುಡಿಸುವವರ ಬೆರಳು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸುದ್ದಿ ಚಾನೆಲ್ಲಿನಲ್ಲಿ ಕೆಳಗೆ ಅಕ್ಷರ ಬರುತ್ತದೆ, ಅದೂ ಆಯಿತು.

ಹಸಿರು ದೀಪ ಬಂದು ಒಂಬತ್ತು ದಿನವಾದರೂ ನಾನು ನಿನಗೆ ಕರೆ ಮಾಡಲಿಲ್ಲ. ಈ ಕಾಗದ ಮೊದಲು ತಲುಪಲಿ ಎಂದು. ಇದರಲ್ಲಿರುವುದನ್ನೆಲ್ಲ ಹೇಳಲು ಹೋಗಿದ್ದರೆ ಕೈ ನಡುಗುತ್ತಿತ್ತು, ನಡುಗುವ ಕೈಮಾತು ತೊದಲಿದ ಹಾಗೆ ಕಾಣುತ್ತದೆ.

ಹದಿಮೂರನೇ ತಾರೀಖು ಭಾನುವಾರ ಸಂಜೆ ಐದಕ್ಕೆ ಕರೆ ಮಾಡುತ್ತೇನೆ. ಕಿಟಕಿಗೆ ಮುಖ ಮಾಡಿ ಕೂತುಕೋ. ಬೆನ್ನಿಗೆ ಬೆಳಕಿದ್ದರೆ ಕೈ ಕಾಣುವುದಿಲ್ಲ. ಬಟಾಣಿಯನ್ನು ಫೋನಿನ ಎದುರಿಗೆ ಕೂರಿಸು. ನಾನು ಹೇಳಿದ್ದನ್ನು ಅವಳಿಗೆ ತಿರುಗಿಸಿ ಹೇಳುವುದು ಬೇಡ, ಅವಳು ಹೇಳಿದ್ದನ್ನು ನನಗೆ ತಿರುಗಿಸಿ ಹೇಳುವುದೂ ಬೇಡ. ಹದಿನೇಳು ವರ್ಷದಿಂದ ನೀನು ಯಾರಾದರೂ ಇಬ್ಬರ ನಡುವೆ ನಿಂತೇ ಇದ್ದೀಯ. ಭಾನುವಾರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತು ಬಿಡು. ಅಜ್ಜಿ, ಮೊಮ್ಮಗಳು ನಾವೇ ಮಾತಾಡಿಕೊಳ್ಳುತ್ತೇವೆ.

ನಿನ್ನ
ಅಮ್ಮ